ಕಣ್ಣೊಂದು ಕಡೆ, ಕೈಯೊಂದು ಕಡೆ

(ಬಾನುಲಿ ಭಾಷಣದ ಬರಹರೂಪ)



ಲೇಖನಿಯಿಂದ ಬರೆಯುವವನಿಗೆ ತಾನು ಯಾವ ಹಾಳೆಯ ಮೇಲೆ ಬರೆಯುತ್ತಿದ್ದೇನೆ ಎಂಬ ಸಂದೇಹ ಎಂದೂ ಬರುವುದಿಲ್ಲ. ಮೇಜಿನ ಮೇಲೆ ಹತ್ತು ಹಾಳೆಗಳು ಹರಡಿಕೊಂಡಿರಲಿ, ಶಾಯಿ ಇಳಿಯುವುದು ಕೈಯ ಕೆಳಗಿರುವ ಹಾಳೆಯ ಮೇಲೆಯೇ. ಕಣ್ಣು ಹಿತ್ತಿಲಿನ ಹೊಂಗೆಮರವನ್ನು ನೋಡುತ್ತಿದ್ದರೂ ಅಕ್ಷರವೇನೂ ಹೊಂಗೆಮರದ ಮೇಲೆ ಮೂಡುವುದಿಲ್ಲ. ಆದರೆ ಕಂಪ್ಯೂಟರಿನ ಮುಂದೆ ಕುಳಿತವನಿಗೆ ಈ ಭರವಸೆ ಇಲ್ಲ. ಕೈಯಿರುವುದು ಕೀಲಿಮಣೆಯ ಮೇಲೆ. ಅಕ್ಷರ ಮೂಡುವುದು ಮೊಳದಾಚೆಯ ಪರದೆಯ ಮೇಲೆ. ಆ ಪರದೆಯಲ್ಲಿ ನಾಲ್ಕಾರು ಬರಹಗಳು ಏಕಕಾಲಕ್ಕೆ ತೆರೆದುಕೊಂಡಿರುತ್ತವೆ. ಬೆರಳು ಒತ್ತಿದ ಅಕ್ಷರ ಇವುಗಳಲ್ಲಿ ಯಾವುದಕ್ಕೆ ಸೇರಬೇಕು? ಪ್ರತಿಯೊಂದು ಒತ್ತಿಗೂ ಯಂತ್ರ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಯಾವ ಬರಹ ಆ ಅಕ್ಷರಗಳಿಗೆ ಅಧಿಕಾರಿಯೋ ಅದಕ್ಕೆ ‘ಇನ್‌ಪುಟ್ ಫೋಕಸ್’ ಇದೆ ಎಂದು ಆ ಶಾಸ್ತ್ರದವರು ಹೇಳುತ್ತಾರೆ. ನಾನು ಅದನ್ನು ನಮ್ಮ ಹಳೆಯ ಮಾತಿನಲ್ಲಿ ಅವಧಾನ ಎಂದು ಕರೆಯಬಯಸುತ್ತೇನೆ.

ವಿಷಯ ತೀರ ಸಣ್ಣದೆಂದು ತೋರಬಹುದು. ನನಗೂ ಹಾಗೆಯೇ ತೋರಿತ್ತು. ಆದರೆ ಈ ಸಣ್ಣ ವಿಷಯವನ್ನು ಅಲಕ್ಷಿಸಿದ್ದರಿಂದ ನನ್ನ ಮನೆಯಲ್ಲಿ ಒಂದು ವಾಕ್ಯ ಇಂದಿಗೂ ಅನಾಥವಾಗಿ ಉಳಿದಿದೆ. ಅದು ತೀರಿಹೋದ ನನ್ನ ತಾಯಿಯ ಮಾತೋ ಅಥವಾ ನನ್ನ ಮಾತೋ ಎಂದು ಹೇಳಬಲ್ಲವರು ಯಾರೂ ಇಲ್ಲ. ಆ ವಾಕ್ಯದ ಕತೆಯನ್ನು ಹೇಳುವ ಮೊದಲು, ಅದು ನಡೆದ ಸ್ಥಳವನ್ನು ನಿಮಗೆ ಪರಿಚಯಿಸಬೇಕು.

ಸ್ಥಳವೆಂದರೆ ಊರಲ್ಲ; ಒಂದು ಎಡಿಟರ್. ಎಡಿಟರ್ ಎಂದೊಡನೆ ನಿಮಗೆ ಪತ್ರಿಕೆಯ ಸಂಪಾದಕರು ನೆನಪಾದರೆ ಆಶ್ಚರ್ಯವಿಲ್ಲ. ನಾನು ಹೇಳುವ ಎಡಿಟರ್ ಯಾರ ಲೇಖನವನ್ನೂ ವಿಷಾದಪೂರ್ವಕವಾಗಿ ಹಿಂದಿರುಗಿಸುವುದಿಲ್ಲ. ಬರೆಯಲು, ತಿದ್ದಲು, ಅಳಿಸಲು ಅನುಕೂಲ ಮಾಡಿಕೊಡುವ ಒಂದು ಪ್ರೋಗ್ರಾಮ್ ಅದು. ಹೆಸರು ಈಮ್ಯಾಕ್ಸ್. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ, 1976ರಲ್ಲಿ, ಟೆಕೋ ಎಂಬ ಹಳೆಯ ಎಡಿಟರಿಗೆ ಅಲ್ಲಿನವರು ಕಟ್ಟಿಕೊಂಡಿದ್ದ ಕಿರುವಿಧಿಗಳನ್ನೆಲ್ಲ ಒಟ್ಟುಗೂಡಿಸಿ ಇದನ್ನು ರೂಪಿಸಿದರು. ಆ ಕೆಲಸದಲ್ಲಿ ರಿಚರ್ಡ್ ಸ್ಟಾಲ್ಮನ್ ಮತ್ತು ಗೈ ಸ್ಟೀಲ್ ಅವರ ಹೆಸರುಗಳು ಮುಖ್ಯವಾದವು. ಇಂದು ನಾವು ಬಳಸುವ ಗ್ನೂ ಈಮ್ಯಾಕ್ಸ್ ಅನ್ನು ಸ್ಟಾಲ್ಮನ್ 1985ರಲ್ಲಿ ಹೊರತಂದರು. ಇದರ ವಿಶೇಷವೆಂದರೆ ಬಳಸುವವನೇ ಇದನ್ನು ತಿದ್ದಬಹುದು. ಲಿಸ್ಪ್ ಎಂಬ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಸಾಕು, ಎಡಿಟರ್ ತನ್ನ ನಡವಳಿಕೆಯನ್ನೇ ಬದಲಾಯಿಸಿಕೊಳ್ಳುತ್ತದೆ. ಬಾಡಿಗೆಯ ಮನೆಯಲ್ಲಿ ಮೊಳೆ ಹೊಡೆಯಲೂ ಮಾಲಿಕರ ಅಪ್ಪಣೆ ಬೇಕು. ಇದು ಸ್ವಂತ ಮನೆ, ಗೋಡೆ ಒಡೆದು ಬಾಗಿಲು ಇಡಲೂ ಯಾರನ್ನೂ ಕೇಳಬೇಕಾಗಿಲ್ಲ. ಸ್ವಂತ ಮನೆಯ ಸುಖವೂ ಇದೆ, ಸ್ವಂತ ಮನೆಯ ಅಪಾಯವೂ ಇದೆ.

ನಾನು ವೃತ್ತಿಯಿಂದ ಗಣಿತದ ಅಧ್ಯಾಪಕನಾಗಿದ್ದವನು. ಸಮೀಕರಣಗಳನ್ನು ಅಂದವಾಗಿ ಅಚ್ಚುಹಾಕಿಸುವ ಆಸೆಯಿಂದ ಈ ಎಡಿಟರನ್ನು ಕಲಿತೆ. ಆ ಬಳಿಕ ಕನ್ನಡವನ್ನೂ ಅದರಲ್ಲಿಯೇ ಬರೆಯತೊಡಗಿದೆ. ಕನ್ನಡವನ್ನು ಬರೆಯುವ ವ್ಯವಸ್ಥೆ ಅದರೊಳಗೇ ಇದೆ. ಅಷ್ಟೇ ಅಲ್ಲ, ಲೋಕದ ಅನೇಕ ಭಾಷೆಗಳ ವಂದನೆಯ ಮಾತುಗಳನ್ನು ಸಂಗ್ರಹಿಸಿಟ್ಟಿರುವ ಅದರ ಒಂದು ಪುಟದಲ್ಲಿ ನಮ್ಮ ‘ನಮಸ್ಕಾರ’ವೂ ಇದೆ. ಅದನ್ನು ಮೊದಲ ಸಲ ಕಂಡಾಗ ಪರದೇಶದ ಛತ್ರದಲ್ಲಿ ನಮ್ಮೂರಿನವರೊಬ್ಬರು ಸಿಕ್ಕಿದಷ್ಟು ಸಂತೋಷವಾಗಿತ್ತು.

ಇನ್ನು ಈ ಮನೆಯ ಒಳರಚನೆ. ಈಮ್ಯಾಕ್ಸಿನಲ್ಲಿ ಮೂರು ಮಾತುಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಬರಹವೊಂದು ಇರುವ ಜಾಗಕ್ಕೆ ಬಫರ್ ಎಂದು ಹೆಸರು. ಆ ಬರಹವನ್ನು ನಾವು ನೋಡುವ ಜಾಗ ವಿಂಡೋ, ಅಂದರೆ ಕಿಟಕಿ. ಇಂಥ ಕಿಟಕಿಗಳನ್ನು ಹಿಡಿದಿಟ್ಟಿರುವ ಹೊರ ಆವರಣ ಫ್ರೇಮ್, ಅಂದರೆ ಚೌಕಟ್ಟು. ಬೇರೆಯವರು ಯಾವುದನ್ನು ವಿಂಡೋ ಎನ್ನುತ್ತಾರೋ ಅದನ್ನು ಇಲ್ಲಿ ಫ್ರೇಮ್ ಎನ್ನುತ್ತಾರೆ. ಈ ಗೊಂದಲಕ್ಕೆ ಈಮ್ಯಾಕ್ಸಿನ ವಯಸ್ಸೇ ಕಾರಣ: ಚಿತ್ರರೂಪದ ಪರದೆಗಳಿಗೆ ಆಧಾರವಾದ ಎಕ್ಸ್ ವಿಂಡೋ ವ್ಯವಸ್ಥೆ ಅದೇ ವಿದ್ಯಾಸಂಸ್ಥೆಯಲ್ಲಿ ಹುಟ್ಟಿದ್ದು 1984ರಲ್ಲಿ. ಈಮ್ಯಾಕ್ಸ್ ಅದಕ್ಕಿಂತ ಹಿರಿಯದು. ಹಿರಿಯರು ತಮ್ಮ ಕಾಲದ ಮಾತನ್ನು ಬಿಡುವುದಿಲ್ಲ.

ಬಫರುಗಳು ನೂರಿರಬಹುದು, ಕಾಣುವ ಕಿಟಕಿಗಳು ನಾಲ್ಕಿರಬಹುದು, ಆದರೆ ಯಾವುದೇ ಕ್ಷಣದಲ್ಲಿ ಆಯ್ಕೆಯಾದ ಕಿಟಕಿ ಒಂದೇ. ಬೆರಳಿನ ಅಕ್ಷರ ಸೇರುವುದು ಅದಕ್ಕೆ. ಪ್ರತಿಯೊಂದು ಕಿಟಕಿಯ ಅಡಿಯಲ್ಲಿಯೂ ಒಂದು ಪಟ್ಟಿಯಿದೆ. ಆಯ್ಕೆಯಾದ ಕಿಟಕಿಯ ಪಟ್ಟಿ ಎದ್ದು ಕಾಣುತ್ತದೆ, ಉಳಿದವು ಮಂಕಾಗಿರುತ್ತವೆ. ಆಯ್ಕೆಯಾದ ಕಿಟಕಿಯಲ್ಲಿ ಕರ್ಸರ್ ತುಂಬಿದ ಚೌಕವಾದರೆ ಉಳಿದವುಗಳಲ್ಲಿ ಅದು ಬರಿಯ ಗೆರೆಗಳ ಟೊಳ್ಳು ಚೌಕ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕಂಟ್ರೋಲ್ ಕೀಲಿಯೊಂದಿಗೆ ಎಕ್ಸ್ ಅನ್ನು ಒತ್ತಿ, ಬಳಿಕ ಓ ಅಕ್ಷರವನ್ನು ಒತ್ತಬೇಕು. ‘ಇನ್ನೊಂದು ಕಿಟಕಿ’ ಎಂಬುದೇ ಆ ಆಜ್ಞೆಯ ಅರ್ಥ. ಮತ್ತೆ ಹಿಂದಿರುಗಿ ಬಂದಾಗ, ಬಿಟ್ಟುಹೋದ ಸಾಲಿನಲ್ಲಿಯೇ, ಬಿಟ್ಟುಹೋದ ಅಕ್ಷರದಲ್ಲಿಯೇ ಕರ್ಸರ್ ಕಾಯುತ್ತಿರುತ್ತದೆ. ಒಂದೇ ಬರಹವನ್ನು ಎರಡು ಕಿಟಕಿಗಳಲ್ಲಿ ತೆರೆದರೂ ಪ್ರತಿಯೊಂದು ಕಿಟಕಿಯೂ ತನ್ನ ಸ್ಥಾನವನ್ನು ಬೇರೆಯಾಗಿ ನೆನಪಿಟ್ಟುಕೊಂಡಿರುತ್ತದೆ.

ಇದನ್ನು ನೋಡಿದಾಗಲೆಲ್ಲ ನನಗೆ ನಮ್ಮ ಅಷ್ಟಾವಧಾನದ ಸಭೆ ನೆನಪಿಗೆ ಬರುತ್ತದೆ. ಸುತ್ತ ಎಂಟು ಮಂದಿ ಪೃಚ್ಛಕರು. ಒಬ್ಬರದು ಸಮಸ್ಯಾಪೂರಣ, ಒಬ್ಬರದು ದತ್ತಪದಿ, ಒಬ್ಬರದು ನಿಷೇಧಾಕ್ಷರಿ. ಅವಧಾನಿ ಒಂದು ಸುತ್ತಿನಲ್ಲಿ ಒಬ್ಬೊಬ್ಬರಿಗೆ ಪದ್ಯದ ಒಂದೊಂದು ಪಾದವನ್ನು ಹೇಳುತ್ತ ಹೋಗುತ್ತಾರೆ. ಮರುಸುತ್ತಿನಲ್ಲಿ ಬಂದಾಗ ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಮುಂದುವರಿಸುತ್ತಾರೆ. ಎಂಟು ಕಡೆಗೆ ಮನಸ್ಸು ಎಂದು ನಾವು ಕೊಂಡಾಡುತ್ತೇವೆ. ವಾಸ್ತವವಾಗಿ ಯಾವ ಗಳಿಗೆಯಲ್ಲಿಯೂ ಅವರ ಮಾತು ಒಬ್ಬರಿಗೇ ಸಲ್ಲುತ್ತಿರುತ್ತದೆ. ಉಳಿದ ಏಳು ಸ್ಥಾನಗಳು ನೆನಪಿನಲ್ಲಿವೆ, ನಾಲಗೆಯ ಮೇಲಿಲ್ಲ. ಒಬ್ಬರಿಗೆ ಸಲ್ಲಬೇಕಾದ ಪಾದವನ್ನು ಇನ್ನೊಬ್ಬರಿಗೆ ಹೇಳಿಬಿಟ್ಟರೆ ಎರಡು ಪದ್ಯಗಳು ಒಟ್ಟಿಗೆ ಕೆಡುತ್ತವೆ. ಅದಕ್ಕಾಗಿಯೇ ಆ ಸಭೆಯಲ್ಲಿ ಅಪ್ರಸ್ತುತ ಪ್ರಸಂಗಿ ಎಂಬ ಒಬ್ಬ ಮಹನೀಯರನ್ನು ಕೂರಿಸಿರುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಸಂಬಂಧವಿಲ್ಲದ ಮಾತೆತ್ತಿ ಅವಧಾನವನ್ನು ಕದಿಯುವುದು ಅವರ ಕರ್ತವ್ಯ.

ಕಂಪ್ಯೂಟರಿನ ಲೋಕದಲ್ಲಿ ಅಪ್ರಸ್ತುತ ಪ್ರಸಂಗಿಗಳಿಗೆ ಬರವಿಲ್ಲ. ನೀವು ಪತ್ರ ಬರೆಯುತ್ತಿರುತ್ತೀರಿ. ಇದ್ದಕ್ಕಿದ್ದಂತೆ ಒಂದು ಪೆಟ್ಟಿಗೆ ಎದ್ದು ನಿಂತು ನಿಮ್ಮ ಕೀಲಿಮಣೆಯನ್ನು ಕಿತ್ತುಕೊಳ್ಳುತ್ತದೆ. ಪದಗಳ ನಡುವೆ ಬಿಡಬೇಕಾದ ಜಾಗಕ್ಕಾಗಿ ಒತ್ತಿದ ಕೀಲಿ ಆ ಪೆಟ್ಟಿಗೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರವಾಗಿಬಿಡುತ್ತದೆ. ಯಾವುದಕ್ಕೆ ಹೌದೆಂದಿರೋ ನಿಮಗೆ ಗೊತ್ತಿಲ್ಲ. ಗುಪ್ತಪದವನ್ನು ಟೈಪು ಮಾಡುತ್ತಿದ್ದಾಗ ಅವಧಾನ ಜಾರಿ, ಆ ಪದ ಸ್ನೇಹಿತರಿಗೆ ಬರೆಯುತ್ತಿದ್ದ ಪತ್ರದಲ್ಲಿ ಬಟ್ಟಬಯಲಾದ ಅನುಭವವೂ ಅನೇಕರಿಗೆ ಆಗಿರಬಹುದು. ಇದನ್ನು ಫೋಕಸಿನ ಕಳ್ಳತನ ಎಂದೇ ಕರೆಯುತ್ತಾರೆ. ಇದನ್ನು ತಡೆಯುವುದಕ್ಕಾಗಿ ಕಿಟಕಿಗಳನ್ನು ನಿರ್ವಹಿಸುವ ಹಲವು ವ್ಯವಸ್ಥೆಗಳಲ್ಲಿ ಕಾವಲು ಏರ್ಪಟ್ಟಿದೆ. ಹೊಸದಾಗಿ ಬಂದಿರುವ ವೇಲ್ಯಾಂಡ್ ಎಂಬ ಏರ್ಪಾಡಿನಲ್ಲಂತೂ ಒಂದು ಪ್ರೋಗ್ರಾಮ್ ತನ್ನಷ್ಟಕ್ಕೆ ತಾನೇ ಮುಂದೆ ನುಗ್ಗಿ ಕೀಲಿಮಣೆಯನ್ನು ವಶಪಡಿಸಿಕೊಳ್ಳುವಂತಿಲ್ಲ. ಬಾಗಿಲಲ್ಲಿ ಚೀಟಿ ತೋರಿಸಬೇಕು, ಒಳಗಿನವರು ಒಪ್ಪಬೇಕು.

ಈಮ್ಯಾಕ್ಸನ್ನು ನಾನು ಮೆಚ್ಚಿದ್ದು ಈ ಒಂದು ವಿಷಯದಲ್ಲಿ ಅದಕ್ಕಿರುವ ಸಂಸ್ಕಾರಕ್ಕಾಗಿ. ತೋರಿಸುವುದು ಬೇರೆ, ಕೈ ಹಿಡಿದು ಎಳೆದುಕೊಂಡು ಹೋಗುವುದು ಬೇರೆ ಎಂಬ ವಿವೇಕವನ್ನು ಅದನ್ನು ಕಟ್ಟಿದವರು ಅದರ ಭಾಷೆಯಲ್ಲಿಯೇ ಇಟ್ಟಿದ್ದಾರೆ. ಒಂದು ಬರಹವನ್ನು ಪಕ್ಕದ ಕಿಟಕಿಯಲ್ಲಿ ಬರಿದೆ ಕಾಣಿಸಬೇಕಾದರೆ ‘ಡಿಸ್‌ಪ್ಲೇ-ಬಫರ್’ ಎಂಬ ಆಜ್ಞೆ. ಕಾಣಿಸಿ ಅಲ್ಲಿಗೇ ಬರೆಯುವವನನ್ನು ಕರೆದೊಯ್ಯಬೇಕಾದರೆ ‘ಪಾಪ್-ಟು-ಬಫರ್’ ಎಂಬ ಬೇರೆಯ ಆಜ್ಞೆ. ಸಹಾಯದ ಪುಟವನ್ನು ಕೇಳಿದರೆ, ನೀವು ಬೇರೆ ರೀತಿ ಹೇಳಿರದಿದ್ದರೆ, ಅದು ಪಕ್ಕದಲ್ಲಿ ತೆರೆದುಕೊಳ್ಳುತ್ತದೆ. ನಿಮ್ಮ ಕರ್ಸರ್ ಮಾತ್ರ ಇದ್ದಲ್ಲಿಯೇ ಇರುತ್ತದೆ. ಪಕ್ಕದ ಕಿಟಕಿಯ ಪುಟವನ್ನು ಇಲ್ಲಿಂದಲೇ ಸರಿಸುವ ಕೀಲಿಯೂ ಒಂದಿದೆ: ಓದುವುದು ಅಲ್ಲಿ, ಬರೆಯುವುದು ಇಲ್ಲಿ. ಎಡಗೈಯಿಂದ ಪುಸ್ತಕದ ಹಾಳೆ ಮಗುಚುತ್ತ ಬಲಗೈಯಿಂದ ಟಿಪ್ಪಣಿ ಬರೆದುಕೊಳ್ಳುವ ವಿದ್ಯಾರ್ಥಿಯ ಸುಖ ಅದು.

ಇನ್ನು, ಪ್ರೋಗ್ರಾಮ್ ಬರೆಯುವವನಿಗೆ ಈಮ್ಯಾಕ್ಸ್ ವಿಧಿಸುವ ಶಿಷ್ಟಾಚಾರವನ್ನು ಕೇಳಿ. ನಿನ್ನ ಪ್ರೋಗ್ರಾಮಿಗೆ ಬೇರೊಂದು ಬಫರಿನಲ್ಲಿ ಕೆಲಸವಿದ್ದರೆ ಅದು ಸದ್ದಿಲ್ಲದೆ ಆ ಬಫರಿಗೆ ಹೋಗಿ ಕೆಲಸ ಮುಗಿಸಲಿ. ಆಯ್ಕೆಯಾದ ಕಿಟಕಿಯನ್ನು ಮುಟ್ಟಬೇಕಾಗಿಲ್ಲ. ಅಡುಗೆಮನೆಯಿಂದ ಒಂದು ಲೋಟ ನೀರು ತರಬೇಕಾದರೆ ಮನೆಯ ಯಜಮಾನನನ್ನೂ ಎಬ್ಬಿಸಿ ಅಡುಗೆಮನೆಗೆ ಕರೆದೊಯ್ಯುತ್ತೇವೆಯೇ? ಕಿಟಕಿಯನ್ನೇ ಬದಲಾಯಿಸಬೇಕಾದ ಪ್ರಸಂಗ ಬಂದರೆ, ಹೋಗುವ ಮೊದಲು ‘ಈಗ ಆಯ್ಕೆಯಾಗಿರುವ ಕಿಟಕಿ ಇದು’ ಎಂದು ಗುರುತು ಹಾಕಿಕೊಂಡು, ಕೆಲಸ ಮುಗಿದೊಡನೆ, ನಡುವೆ ತಪ್ಪು ಸಂಭವಿಸಿದರೂ ಸಹ, ಮರಳಿ ಬರುವ ಏರ್ಪಾಡಿದೆ. ಯಾವ ಕಿಟಕಿಗೆ ಇತ್ತೀಚೆಗೆ ಹೋಗಿದ್ದೆವು, ಯಾವುದಕ್ಕೆ ಹೋಗಿ ಬಹಳ ಹೊತ್ತಾಯಿತು ಎಂಬ ಲೆಕ್ಕವನ್ನೂ ಈಮ್ಯಾಕ್ಸ್ ಇಟ್ಟಿರುತ್ತದೆ. ಪ್ರೋಗ್ರಾಮಿನ ತಾತ್ಕಾಲಿಕ ಭೇಟಿಯನ್ನು ಆ ಲೆಕ್ಕಕ್ಕೆ ಸೇರಿಸಬೇಡ ಎಂದು ಹೇಳಲೂ ಅವಕಾಶವಿದೆ. ಚೌಕಟ್ಟುಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ: ಈಮ್ಯಾಕ್ಸ್ ತನ್ನೊಳಗೆ ಒಂದು ಚೌಕಟ್ಟನ್ನು ಆಯ್ದುಕೊಂಡ ಮಾತ್ರಕ್ಕೆ ಹೊರಗಿನ ವ್ಯವಸ್ಥೆ ಕೀಲಿಮಣೆಯನ್ನು ಅದಕ್ಕೆ ಒಪ್ಪಿಸಿತೆಂದು ಅರ್ಥವಲ್ಲ. ಒಳಗಿನ ಆಯ್ಕೆ ಬೇರೆ, ಹೊರಗಿನ ಅನುಗ್ರಹ ಬೇರೆ; ಎರಡನ್ನೂ ಒಟ್ಟಿಗೆ ಬೇಡುವ ಪ್ರತ್ಯೇಕ ಆಜ್ಞೆಯೇ ಇದೆ, ಮತ್ತು ಅದು ಬೇಡಿಕೆ ಮಾತ್ರ.

ಇಷ್ಟೆಲ್ಲ ಸಂಸ್ಕಾರವಿರುವ ಎಡಿಟರಿನಲ್ಲಿ ನನಗೆ ಕೇಡಾದದ್ದು ಹೇಗೆ? ಆ ಕೇಡಿಗೆ ಎಡಿಟರ್ ಕಾರಣವಲ್ಲ. ಕಾರಣ, ಸ್ವಂತ ಮನೆಯ ಗೋಡೆಯಲ್ಲಿ ನಾನೇ ಕೊರೆದ ಒಂದು ಬಾಗಿಲು.

ನನ್ನ ತಾಯಿ ತೀರಿಕೊಳ್ಳುವುದಕ್ಕೆ ಹಿಂದಿನ ವರ್ಷ, ಸಂಜೆಯ ಹೊತ್ತು, ತಮ್ಮ ಬಾಲ್ಯದ ಸಂಗತಿಗಳನ್ನು ಹೇಳತೊಡಗಿದರು. ಅವರ ತವರು ಬಯಲುಸೀಮೆಯ ಒಂದು ಹಳ್ಳಿ. ಕೆರೆ, ಬರಗಾಲ, ಜಾತ್ರೆ, ಸಾಲ, ಹೆರಿಗೆ, ಸಾವು, ಎಲ್ಲವೂ ಒಂದರ ಹಿಂದೆ ಒಂದು ಬರುತ್ತಿದ್ದವು. ಧ್ವನಿಮುದ್ರಣ ಮಾಡೋಣವೆಂದರೆ ಅವರು ಒಪ್ಪಲಿಲ್ಲ. ‘ಅದರ ಮುಂದೆ ನನಗೆ ಮಾತೇ ಬರೋದಿಲ್ಲ ಕಣೋ, ನೀನೇ ಬರಕೋ’ ಎಂದರು. ಅವರು ಹೇಳುತ್ತ ಹೋದಂತೆ ನಾನು ಈಮ್ಯಾಕ್ಸಿನಲ್ಲಿ ಟೈಪು ಮಾಡುತ್ತ ಹೋದೆ. ಒಂದು ಪದವನ್ನೂ ತಿದ್ದಲಿಲ್ಲ. ಅವರು ಹೋದ ಮೇಲೆ ಆ ಕಡತವೇ ಮನೆಯಲ್ಲಿ ಉಳಿದ ಅವರ ದನಿಯಾಯಿತು.

ವರ್ಷಾಬ್ದಿಕದ ಹೊತ್ತಿಗೆ ಬಂಧುಗಳಿಗೆ ಹಂಚಲು ಒಂದು ಸಣ್ಣ ಪುಸ್ತಕ ಮಾಡಬೇಕೆನಿಸಿತು. ಪರದೆಯನ್ನು ಎರಡಾಗಿ ಸೀಳಿ, ಎಡಗಡೆಯ ಕಿಟಕಿಯಲ್ಲಿ ಅಮ್ಮನ ಮಾತುಗಳನ್ನೂ ಬಲಗಡೆಯ ಕಿಟಕಿಯಲ್ಲಿ ನನ್ನ ಲೇಖನವನ್ನೂ ಇಟ್ಟುಕೊಂಡೆ. ಲೇಖನವನ್ನು ಮೊದಲು ಹಾಳೆಯ ಮೇಲೆ ಕೈಯಲ್ಲಿ ಬರೆದು, ಆಮೇಲೆ ಹಾಳೆಯನ್ನು ನೋಡುತ್ತ ಟೈಪು ಮಾಡುವುದು ನನ್ನ ರೂಢಿ. ಅಮ್ಮನ ಮಾತಿನ ಧಾಟಿಯಲ್ಲಿಯೇ ಬರೆಯಬೇಕೆಂಬ ಹಂಬಲವೂ ಇತ್ತು. ಕೆಲವು ಪುಟಗಳಲ್ಲಿ ಅದು ಕೈಗೂಡಿದೆ ಎಂದು ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಈಗ ಬಾಗಿಲಿನ ವಿಷಯ. ಕಿಟಕಿಯಿಂದ ಕಿಟಕಿಗೆ ಹೋಗಲು ಪ್ರತಿಸಲವೂ ಕೀಲಿ ಒತ್ತುವುದು ನನಗೆ ಬೇಸರವಾಗಿತ್ತು. ಮೌಸ್ ಯಾವ ಕಿಟಕಿಯ ಮೇಲೆ ಸರಿಯುತ್ತದೆಯೋ ಆ ಕಿಟಕಿ ತಾನಾಗಿಯೇ ಆಯ್ಕೆಯಾಗುವಂತೆ ಮಾಡಬಹುದೆಂದು ಕೈಪಿಡಿಯಲ್ಲಿ ಓದಿದ್ದೆ. ‘ಮೌಸ್-ಆಟೋಸೆಲೆಕ್ಟ್-ವಿಂಡೋ’ ಎಂದು ಆ ಗುಣಕ್ಕೆ ಹೆಸರು. ಅದು ಮೊದಲಿಗೆ ನಿಷ್ಕ್ರಿಯವಾಗಿಯೇ ಇರುತ್ತದೆ. ಬೇಕೆಂದವನು ಒಂದು ಸಾಲು ಬರೆದು ಎಬ್ಬಿಸಬೇಕು. ನಾನು ಎಬ್ಬಿಸಿದೆ. ಇಷ್ಟು ಸೆಕೆಂಡು ತಡೆದು ಬದಲಾಯಿಸು ಎಂದು ಹೇಳುವ ಅನುಕೂಲವೂ ಅದಕ್ಕಿತ್ತು; ಅಷ್ಟು ತಾಳ್ಮೆ ನನಗಿರಲಿಲ್ಲ. ಅಂದಿನಿಂದ ಮೌಸನ್ನು ಒಂದಿಷ್ಟು ತಳ್ಳಿದರೆ ಸಾಕು, ಕಿಟಕಿ ಬದಲಾಗುತ್ತಿತ್ತು. ಯಂತ್ರ ನನ್ನ ಮನಸ್ಸನ್ನು ಓದುತ್ತಿದೆ ಎನಿಸುತ್ತಿತ್ತು. ಆದರೆ ಯಂತ್ರ ಓದುತ್ತಿದ್ದುದು ನನ್ನ ಮನಸ್ಸನ್ನಲ್ಲ, ನನ್ನ ಮೊಣಕೈಯನ್ನು.

ಒಂದು ರಾತ್ರಿ ಹಾಳೆಗಳನ್ನು ಮಗುಚುತ್ತ ಬಹಳ ಹೊತ್ತು ಟೈಪು ಮಾಡಿದೆ. ಹಾಳೆ ಮಗುಚಿದಾಗ ಯಾವಾಗಲೋ ಮೊಣಕೈ ತಾಗಿ ಮೌಸ್ ಎಡಕ್ಕೆ ಸರಿದಿರಬೇಕು. ಇನ್ನೊಮ್ಮೆ ತಾಗಿ ಬಲಕ್ಕೆ ಬಂದಿರಬೇಕು. ಸಾಮಾನ್ಯವಾಗಿ ಇಂಥ ತಪ್ಪು ಕೂಡಲೇ ಸಿಕ್ಕಿಬೀಳುತ್ತಿತ್ತು. ಏಕೆಂದರೆ ಈಮ್ಯಾಕ್ಸಿನಲ್ಲಿ ಕನ್ನಡದ ಕೀಲಿಮಣೆ ಎಂಬುದು ಆಯಾ ಬಫರಿಗೆ ಸೇರಿದ್ದು. ಒಂದರಲ್ಲಿ ಕನ್ನಡಕ್ಕೆ ತಿರುಗಿಸಿದರೆ ಇನ್ನೊಂದು ಇಂಗ್ಲಿಷಿನಲ್ಲಿಯೇ ಇರುತ್ತದೆ. ದಾರಿ ತಪ್ಪಿದ ಅಕ್ಷರ ರೋಮನ್ ಲಿಪಿಯಲ್ಲಿ ಗಲಗಲ ಎಂದು ಸುರಿದು ಕಳ್ಳನನ್ನು ಹಿಡಿದುಕೊಡುತ್ತದೆ. ಅಂದು ಎರಡು ಬಫರುಗಳೂ ಕನ್ನಡದಲ್ಲಿದ್ದವು. ಕಣ್ಣು ಹಾಳೆಯ ಮೇಲಿತ್ತು. ತಲೆಯೆತ್ತಿ ನೋಡಿದಾಗ ಬಲಗಡೆಯ ಕಿಟಕಿಯಲ್ಲಿ ನನ್ನ ಲೇಖನವೇ ಕಾಣುತ್ತಿತ್ತು. ಸಮಾಧಾನದಿಂದ, ಟೈಪಾದ ಹಾಳೆಗಳನ್ನು ಎಂದಿನಂತೆ ಹರಿದು ಬುಟ್ಟಿಗೆ ಹಾಕಿದೆ.

ಮುಚ್ಚುವಾಗ ಈಮ್ಯಾಕ್ಸ್ ಕೇಳಿತು: ಲೇಖನವನ್ನು ಉಳಿಸಲೇ? ಅಮ್ಮನ ಕಡತವನ್ನು ಉಳಿಸಲೇ? ಆ ಎರಡನೆಯ ಪ್ರಶ್ನೆ ಬರಲೇಬಾರದಾಗಿತ್ತು. ಅಮ್ಮನ ಕಡತದಲ್ಲಿ ನಾನು ಏನನ್ನೂ ಬರೆದಿರಲಿಲ್ಲವಲ್ಲ! ಆದರೆ ಎಲ್ಲವನ್ನೂ ಒಟ್ಟಿಗೆ ಉಳಿಸಲು ಅಲ್ಲಿ ಆಶ್ಚರ್ಯಸೂಚಕ ಚಿಹ್ನೆಯನ್ನು ಒತ್ತಿದರಾಯಿತು. ನಿದ್ದೆಗಣ್ಣಿನಲ್ಲಿ ನಾನು ಅದನ್ನೇ ಒತ್ತಿದೆ. ಆಶ್ಚರ್ಯಪಡಬೇಕಾಗಿದ್ದವನು ಆಶ್ಚರ್ಯದ ಚಿಹ್ನೆಯನ್ನು ಒತ್ತಿ ಮಲಗಿದೆ.

ಹದಿನೈದು ದಿನಗಳಾದ ಮೇಲೆ ಲೇಖನವನ್ನು ಓದುವಾಗ ಒಂದು ಕಡೆ ಮಾತು ಹಾರಿದಂತೆ ಕಂಡಿತು. ಹುಡುಕುತ್ತ ಹೋದಾಗ ಅಮ್ಮನ ಕಡತದ ನಡುವೆ ನನ್ನ ಗದ್ಯ ಬೆರೆತಿರುವುದು ತಿಳಿಯಿತು. ಈಮ್ಯಾಕ್ಸ್ ಹಳೆಯ ಪ್ರತಿಯೊಂದನ್ನು ಹೆಸರಿನ ಕೊನೆಗೆ ಅಲೆಯಂಥ ಗೆರೆ ಸೇರಿಸಿ ಇಟ್ಟಿರುತ್ತದೆ. ಆಸೆಯಿಂದ ಅದನ್ನು ತೆರೆದೆ. ಆದರೆ ಕಡತವನ್ನು ಹೊಸದಾಗಿ ತೆರೆದು ಮೊದಲ ಸಲ ಉಳಿಸಿದಾಗಲೆಲ್ಲ ಆ ಪ್ರತಿ ಬದಲಾಗುತ್ತದೆ. ಬೇರೆಯಾಗಿ ಕೇಳಿಕೊಂಡಿರದಿದ್ದರೆ ಇರುವುದು ಒಂದೇ ಪ್ರತಿ. ನಡುವಣ ದಿನಗಳಲ್ಲಿ ನಾನು ಆ ಕಡತವನ್ನು ಹಲವು ಸಲ ತೆರೆದು, ಒತ್ತಕ್ಷರದ ತಪ್ಪುಗಳನ್ನು ತಿದ್ದಿ ಉಳಿಸಿದ್ದೆ. ಹಳೆಯ ಪ್ರತಿಯಲ್ಲಿಯೂ ಬೆರಕೆಯೇ ಇತ್ತು. ಬೇರೆ ಕಡೆ ನಕಲು ಇಟ್ಟಿರಲಿಲ್ಲ. ಹಾಳೆಗಳು ಬುಟ್ಟಿಯಿಂದ ಎಂದೋ ಹೋಗಿದ್ದವು.

ಹೆಚ್ಚಿನ ಸಾಲುಗಳನ್ನು ಬೇರ್ಪಡಿಸಲು ಕಷ್ಟವಾಗಲಿಲ್ಲ. ಅಧ್ಯಾಪಕನ ಗದ್ಯಕ್ಕೆ ಒಂದು ವಾಸನೆಯಿದೆ. ‘ಆದುದರಿಂದ’ ಎಂಬ ಮಾತು ಅಮ್ಮನ ಬಾಯಲ್ಲಿ ಎಂದೂ ಬಂದದ್ದಲ್ಲ. ಆದರೆ ಮೂರು ವಾಕ್ಯಗಳು ಉಳಿದವು. ಅವರ ಧಾಟಿಯನ್ನು ಅನುಕರಿಸಿದ್ದೆನಲ್ಲ, ಆ ಹೆಮ್ಮೆಯೇ ಈಗ ನನಗೆ ಮುಳುವಾಯಿತು. ಅಕ್ಕನಿಗೆ ಫೋನು ಮಾಡಿ ಒಂದೊಂದನ್ನೇ ಓದಿದೆ.

‘ಆ ವರ್ಷ ಕೆರೆ ತುಂಬಿತು’ ಎಂದೆ.

‘ಅದು ನೀನು ಬರೆದದ್ದು ಕಣೋ. ಅಮ್ಮ ಕೆರೆ ತುಂಬಿತು ಅಂತ ಅಂದಿದ್ದುಂಟೇ? ಕೋಡಿ ಬಿತ್ತು ಅನ್ನೋರು’ ಎಂದಳು ಅಕ್ಕ.

‘ಅಪ್ಪಯ್ಯ ಪೇಟೆಗೆ ಹೋದೋರು ಮೂರು ದಿನ ಬರಲೇ ಇಲ್ಲ.’

‘ಅದು ಅಮ್ಮಂದೇ. ಬತ್ತದ ವ್ಯಾಪಾರದ ಕತೆ ಅಲ್ವಾ, ನನಗೂ ಹೇಳಿದ್ರು.’

ಮೂರನೆಯದನ್ನು ಓದಿದೆ: ‘ಮನೇಲಿ ಎಲ್ಲಾರೂ ಇದ್ರು, ಆದ್ರೆ ಯಾರ ದನಿಯೂ ಕೇಳ್ತಿರಲಿಲ್ಲ.’

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಇನ್ನೊಂದು ಸಲ ಓದು’ ಎಂದಳು. ಓದಿದೆ. ‘ಅಮ್ಮ ಹೇಳಿರಬಹುದಪ್ಪ. ನೀನು ಬರೆದಿದ್ರೂ ಬರೆದಿರಬಹುದು. ನನಗೆ ಗೊತ್ತಾಗಲ್ಲ’ ಎಂದಳು.

ಯಾರನ್ನು ಕೇಳುವುದು? ಅಮ್ಮನ ಬದುಕಿನ ಅತ್ಯಂತ ಕಠಿನವಾದ ವರ್ಷದ ಬಗೆಗೆ ಆ ವಾಕ್ಯವಿದೆ. ಅದು ಅವರದಾದರೆ ಅವರು ಆ ವರ್ಷವನ್ನು ಕುರಿತು ಹೇಳಿದ ಒಂದೇ ಒಂದು ಮಾತು. ನನ್ನದಾದರೆ ಅವರು ಆ ವಿಷಯದಲ್ಲಿ ಏನನ್ನೂ ಹೇಳಲಿಲ್ಲ, ನಾನು ಊಹಿಸಿದೆ ಅಷ್ಟೆ. ಈ ಎರಡರ ನಡುವಣ ಅಂತರ ನನ್ನ ಪಾಲಿಗೆ ಸಣ್ಣದಲ್ಲ.

ಈ ಬಗೆಯ ತಪ್ಪುಗಳನ್ನು ಕುರಿತು ಬಲ್ಲವರು ಬಹಳ ಹಿಂದೆಯೇ ಯೋಚಿಸಿದ್ದಾರೆ. ಡಗ್ಲಸ್ ಎಂಗೆಲ್‌ಬಾರ್ಟ್ ಎಂಬವರು 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಮೌಸ್ ಹಿಡಿದು ಪರದೆಯ ಮೇಲೆ ಬರಹಗಳನ್ನು ಆಡಿಸಿ ತೋರಿಸಿದರು. ಅಂದಿನಿಂದ ಕಣ್ಣಿಗೂ ಕೈಗೂ ನಡುವಣ ಈ ಸಂಬಂಧ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಒಂದೇ ಕೀಲಿ ಬೇರೆಬೇರೆ ಸ್ಥಿತಿಗಳಲ್ಲಿ ಬೇರೆಬೇರೆ ಕೆಲಸ ಮಾಡುವುದನ್ನು ಲ್ಯಾರಿ ಟೆಸ್ಲರ್ ಜೀವನವಿಡೀ ವಿರೋಧಿಸಿದರು. ತಮ್ಮ ಕಾರಿನ ಫಲಕದ ಮೇಲೆಯೂ ‘ನೋ ಮೋಡ್ಸ್’ ಎಂದು ಬರೆಯಿಸಿದ್ದರು. ಆಪಲ್ ಕಂಪನಿಯಲ್ಲಿ ಮ್ಯಾಕಿಂಟಾಷ್ ಯೋಜನೆಯನ್ನು ಆರಂಭಿಸಿದ ಜೆಫ್ ರಾಸ್ಕಿನ್ 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಗಮನದ ನೆಲೆ ಎಂಬ ಒಂದು ಕಲ್ಪನೆಯನ್ನು ವಿವರಿಸುತ್ತಾರೆ. ಅದರ ತಾತ್ಪರ್ಯವಿಷ್ಟು: ಮನುಷ್ಯನ ಗಮನಕ್ಕೆ ಒಂದು ಹೊತ್ತಿಗೆ ಒಂದೇ ನೆಲೆ. ಯಂತ್ರ ತನ್ನ ಸ್ಥಿತಿಯನ್ನು ಎಷ್ಟೇ ಸ್ಪಷ್ಟವಾಗಿ ಪ್ರಕಟಿಸಿದರೂ, ಆ ಪ್ರಕಟಣೆ ನಮ್ಮ ಗಮನದ ನೆಲೆಯಲ್ಲಿ ಇಲ್ಲದಿದ್ದರೆ ವ್ಯರ್ಥ. ನನ್ನ ಪರದೆಯಲ್ಲಿ ಪಟ್ಟಿ ಎದ್ದು ಕಾಣುತ್ತಿತ್ತು, ಕರ್ಸರ್ ತುಂಬಿಕೊಂಡಿತ್ತು. ನೋಡಬೇಕಾದ ಕಣ್ಣು ಹಾಳೆಯ ಮೇಲಿತ್ತು.

ಹಾಗಾದರೆ ಉಪಾಯವೇನು? ಸೂಚನೆ ಕಣ್ಣಿಗೆ ಸಾಲದಾದರೆ ಆಯ್ಕೆ ಕೈಯಲ್ಲಿರಬೇಕು. ಕಿಟಕಿ ಬದಲಾಯಿಸಲು ಎರಡು ಕೀಲಿ ಒತ್ತುವುದು ಬೇಸರದ ಕೆಲಸವೆಂದು ನಾನು ಭಾವಿಸಿದ್ದೆ. ಈಗ ತಿಳಿಯುತ್ತದೆ, ಆ ಎರಡು ಒತ್ತುಗಳಲ್ಲಿಯೇ ಒಂದು ಸಂಕಲ್ಪವಿತ್ತು. ‘ಇನ್ನು ಮುಂದಿನ ನನ್ನ ಮಾತು ಅಲ್ಲಿಗೆ’ ಎಂದು ನಾನೇ ಹೇಳಿಕೊಂಡಂತೆ. ಆ ಶ್ರಮವನ್ನು ಉಳಿಸಹೋಗಿ ಸಂಕಲ್ಪವನ್ನೇ ಬಿಟ್ಟುಕೊಟ್ಟೆ. ಮೌಸನ್ನು ಹಿಂಬಾಲಿಸುವ ಆಯ್ಕೆಯಿಂದ ಅನುಕೂಲ ಪಡೆದವರು ಅನೇಕರಿದ್ದಾರೆ. ಪರದೆಯನ್ನು ನೋಡುತ್ತ ಕೆಲಸ ಮಾಡುವವರಿಗೆ ಅದು ಒಳ್ಳೆಯ ಸೇವಕನೇ ಸರಿ. ಹಾಳೆ ನೋಡಿ ಟೈಪು ಮಾಡುವ ನನ್ನಂಥವನಿಗೆ ಅದು ತಕ್ಕುದಲ್ಲ.

ಆ ಸಾಲನ್ನು ನಾನು ಅಳಿಸಿದೆ. ಅಮ್ಮನ ಕಡತವನ್ನು ಓದುವುದಕ್ಕೆ ಮಾತ್ರ ಎಂದು ಗುರುತುಮಾಡಿದೆ. ಈಗ ಅಲ್ಲಿ ಏನನ್ನು ಒತ್ತಿದರೂ ಅಕ್ಷರ ಮೂಡುವುದಿಲ್ಲ, ಬಫರ್ ಬರೆಯಲೊಲ್ಲದು ಎಂಬ ಸೂಚನೆ ಬರುತ್ತದೆ. ಹಳೆಯ ಪ್ರತಿಗಳು ಒಂದಲ್ಲ, ಹಲವು ಉಳಿಯುವಂತೆ ಏರ್ಪಾಡು ಮಾಡಿದೆ. ಇವೆಲ್ಲ ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ ಹಾಕುವ ಕೆಲಸವೇ. ಆದರೂ, ಲಾಯದಲ್ಲಿ ಇನ್ನೂ ಕೆಲವು ಕುದುರೆಗಳಿವೆ.

ಪುಸ್ತಕ ಅಚ್ಚಾಯಿತು. ಅಮ್ಮನ ಮಾತುಗಳ ಭಾಗದಲ್ಲಿ ಆ ವಾಕ್ಯವನ್ನು ಬಿಡಲೂ ಮನಸ್ಸು ಬರಲಿಲ್ಲ, ಸೇರಿಸಲೂ ಧೈರ್ಯ ಬರಲಿಲ್ಲ. ಕೊನೆಗೆ ಅದನ್ನು ಪುಟದ ಅಡಿಯಲ್ಲಿ, ಬೇರೆಯಾಗಿ ಅಚ್ಚುಮಾಡಿಸಿ, ‘ಇದು ಯಾರ ಮಾತೆಂದು ಖಚಿತವಿಲ್ಲ’ ಎಂದು ಬರೆದೆ. ಪುಸ್ತಕವನ್ನು ಓದಿದ ಬಂಧುಗಳಲ್ಲಿ ಹಲವರು ಅದೇ ವಾಕ್ಯವನ್ನು ಎತ್ತಿ ಹೇಳಿ, ಅಮ್ಮನನ್ನು ಕಣ್ಣೆದುರು ಕಂಡಂತಾಯಿತು ಎಂದರು. ನಾನು ಅವರಿಗೆ ಏನನ್ನೂ ಹೇಳಲಿಲ್ಲ. ಹೇಳಲು ನನಗೆ ಗೊತ್ತಿದ್ದರೆ ತಾನೆ?

ಇಂದಿಗೂ ರಾತ್ರಿ ಬರೆಯಲು ಕುಳಿತಾಗ ಎಡಗಡೆಯಲ್ಲಿ ಆ ಕಡತವನ್ನು ತೆರೆದಿಟ್ಟುಕೊಳ್ಳುತ್ತೇನೆ. ಕಂಟ್ರೋಲ್, ಎಕ್ಸ್, ಓ ಎಂದು ಒತ್ತಿ ಬಲಗಡೆಗೆ ಬರುತ್ತೇನೆ. ಬಂದ ಮೇಲೆ ಒಮ್ಮೆ ತಲೆಯೆತ್ತಿ, ಯಾವ ಪಟ್ಟಿ ಬೆಳಗಿದೆ ಎಂದು ನೋಡಿ, ಅನಂತರ ಮೊದಲ ಅಕ್ಷರವನ್ನು ಒತ್ತುತ್ತೇನೆ.